ಐದು ಗಂಟೆಯ ದಾರಿ

ಮಾರ್ಚ್ 3, ಸೋಮವಾರ

ದಿನಾ ಬರೆಯಬೇಕಂತೆ. ಲಕ್ವ ಹೊಡೆದ ಕೈಗೆ ಇದೇ ಔಷಧಿ ಅಂತಾರೆ ಮಳವಳ್ಳಿ ಡಾಕ್ಟರು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಏನು ಬರೆಯಲಿ, ನನ್ನ ತಲೆ. ಹಸುವಿಗೆ ಹುಲ್ಲು ಹಾಕಿದೆ. ಕಬ್ಬಿಗೆ ನೀರು ಬಿಟ್ಟೆ. ಸಾಕು.

ಮಾರ್ಚ್ 6, ಗುರುವಾರ

ಶಿವು ಹೋದ. ತಮ್ಮನ ಮಗ. ರಿಯಾದ್‌ನಲ್ಲಿ ಕ್ರೇನ್ ಓಡಿಸುತ್ತಿದ್ದ. ಮೇಲಿಂದ ಬಿದ್ದನಂತೆ... ತಮ್ಮ ಇಲ್ಲ. ಆ ಮನೆಗೂ ನಾನೇ ಹಿರಿಯ.

ಎಷ್ಟು ದೂರ ಅಂತ ಮೊಮ್ಮಗಳು ದೀಪಿಕನ್ನ ಕೇಳಿದೆ. ಫೋನ್ ನೋಡಿದಳು.

"ಮೂರೂವರೆ ಸಾವ್ರ ಕಿಲೋಮೀಟ್ರು ತಾತ. ಇಮಾನದಲ್ಲಿ ಐದ್ ಗಂಟೆ."

ನಮ್ಮೂರು ಕಿರುಗಾವಲಿಂದ ಬೆಂಗಳೂರು ಏರ್‌ಪೋರ್ಟಿಗೂ ಬಸ್ಸಿನಲ್ಲಿ ಅಷ್ಟೇ ಹಿಡಿಯುತ್ತೆ. ಇವತ್ತು ಹತ್ತಿಸಿದರೆ ನಾಳೆ ಮನೆಯಲ್ಲಿ. ಹೊಲದಲ್ಲಿ, ತಮ್ಮನ ಪಕ್ಕ, ಗುಂಡಿ ತೆಗೆಸಿದೆ.

"ಎಣ ಬರ್ಲಿ ಕಣಣ್ಣ, ಆಮೇಕ್ ತಗ್ಯಾನ" ಅಂದ ಗುಂಡಿ ತೆಗೆಯೋ ತಿಮ್ಮಯ್ಯ.

"ಐದ್ ಗಂಟೆ ದಾರಿ ಕಣ್ಲಾ. ಬಾಯ್ ಮುಚ್ಕಂಡ್ ಅಗಿ."

ಮಾರ್ಚ್ 7, ಶುಕ್ರವಾರ

ಬರಲಿಲ್ಲ. ಪೊಲೀಸ್ ಕಾಗದ, ಆಸ್ಪತ್ರೆ ಕಾಗದ, ಎಂಬೆಸಿ ಕಾಗದ. ಇವತ್ತು ಅಲ್ಲಿ ರಜಾ ಬೇರೆ. ನೆಂಟರೆಲ್ಲ ಕಾದು ಕಾದು ಬಸ್ಸು ಹತ್ತಿದರು.

ತೆಗೆದ ಗುಂಡಿ ಖಾಲಿ ಬಿಡಬಾರದು. ಅದೇ ಮನೆಯಲ್ಲಿ ಇನ್ನೊಬ್ಬರನ್ನು ಕೇಳುತ್ತೆ. ಒಂದು ಬಾಳೆಕಂದು ಮಲಗಿಸಿ ಬಂದೆ.

ಮಾರ್ಚ್ 12

ಬಾಳೆ ಕೊಳೆಯಿತು. ಬೇರೆ ಇಟ್ಟೆ. ಶಿವು ಮಗು ತೇಜುಗೆ ಜ್ವರ. ಡಾಕ್ಟರು ಸೂಜಿ ಹಾಕಿದರೂ ಇಳಿದಿಲ್ಲ. ಶಿವು ಹೆಂಡತಿ ಪುಷ್ಪಾ ಇಷ್ಟು ದಿನ ನನಗೆ ಎದುರಾಡಿದವಳಲ್ಲ. ಇವತ್ತು ಬಾಗಿಲಿಗೇ ಬಂದಳು.

"ಆ ಗುಂಡಿ ಮುಚ್ಚುಸ್ಬುಡಿ ದೊಡ್‌ಮಾವ. ನನ್ ಮಗೀನ ಕೇಳ್ತಾ ಅದೆ ಅದು."

"ಮುಚ್ಚುದ್ರೆ ಅವ್ನು ಬರಕಿಲ್ಲ ಅಂದಂಗೆ ಕಣಮ್ಮ."

"ಬಂದೋನ್ ಎದ್ ಕೂತ್ಕಂಡಾನಾ? ತಗ್ಸು ಅಂತ ನಾ ಯೋಳಿದ್ನಾ?"

 

ಮಾರ್ಚ್ 15, ಶನಿವಾರ

ಶಿವು ಕಂಪನಿಯವನು ಪುಷ್ಪಾಗೆ ಫೋನ್ ಮಾಡಿದ್ದಾನೆ. ಅಲ್ಲೇ ಮಣ್ಣು ಮಾಡಲು ಒಪ್ಪಿ ಸಹಿ ಹಾಕಿದರೆ ಬೇಗ ಮುಗಿಯುತ್ತಂತೆ. ಕಳಿಸಬೇಕು ಅಂದರೆ ದಿನ ಹೇಳಲು ಆಗಲ್ಲವಂತೆ. ಇವಳು ಸಹಿ ಹಾಕುತ್ತೀನಿ ಅಂತಾಳೆ.

"ಅಲ್ಲಾದ್ರೂ ಮಣ್ಣೇಯ, ಇಲ್ಲಾದ್ರೂ ಮಣ್ಣೇಯ. ನಂಗೆ ಇರೋದು ಇದೊಂದ್ ಮಗ."

ತಿಮ್ಮಯ್ಯನೂ ಅವಳ ಕಡೆಯೇ. "ಬುಡಣ್ಣ, ಬದ್ಕಿರೋದ್ನ ನೋಡು."

ಬೈದು ಕಳಿಸಿದೆ. ಆಮೇಲೆ ಮಗು ಹಣೆ ಮುಟ್ಟಿ ನೋಡಿದೆ. ಕೆಂಡ. ಗುದ್ದಲಿ ತಗೊಂಡು ಹೊಲಕ್ಕೆ ಹೋದೆ. ಒಂದು ಗುದ್ದಲಿ ಮಣ್ಣು ಎಳೆದೆ. ಎರಡನೇದು ಆಗಲಿಲ್ಲ. ಪಕ್ಕದಲ್ಲೇ ತಮ್ಮ ಮಲಗಿದ್ದಾನೆ.

ಮನೆಗೆ ಬಂದು, ಇನ್ನೈದು ದಿನ ಸಹಿ ಹಾಕಬೇಡ ಅಂತ ಪುಷ್ಪಾನ ಕೇಳಿಕೊಂಡೆ. ಕೇಳಿಕೊಂಡೆ, ಹೇಳಲಿಲ್ಲ. ಅವಳು ಒದ್ದೆ ಬಟ್ಟೆ ಹಿಂಡಿ ಮಗು ಹಣೆಗೆ ಹಾಕಿದಳು.

ದೀಪಿಕ ಫೋನ್ ಒತ್ತಿ ನನ್ನ ಬಾಯಿಗೆ ಹಿಡಿದಳು. ಕಂಪನಿಯವನಿಗೆ ಅಂದೆ — ನಿಮ್ಮ ಕಾಗದ ನನಗೆ ಬೇಡ. ಎಂಟು ದಿನ ಅಲ್ಲ, ಹತ್ತು ದಿನ ಅಲ್ಲ, ಇಪ್ಪತ್ತನೇ ತಾರೀಖು. ಅವತ್ತು ಸಂಜೆ ಗುಂಡಿ ಮುಚ್ಚುತ್ತೀನಿ. ನಮ್ಮ ಹುಡುಗನ್ನ ಕಳಿಸ್ತೀರೋ ಇಲ್ಲವೋ, ಅಷ್ಟರೊಳಗೆ ಹೇಳಿ.