ನೀರಮ್ಮನ ತೀರ್ಪು

ಭಾನುವಾರ, ಮಧ್ಯಾಹ್ನ
ಸ್ಪರ್ಧೆ ನಡೆದ ಹೋಟೆಲಿನ ಕೋಣೆಯಿಂದ

ನನ್ನ ಮಹಾ ಮೊಂಡ ಗಂಡನಿಗೆ,

ನಮಸ್ಕಾರ ಅಂತ ಬರೆಯೋಣ ಅಂದುಕೊಂಡೆ, ಕೈ ಬರಲಿಲ್ಲ. ಹೇಗಿದ್ದೀಯ ಅಂತ ಕೇಳೋಣ ಅಂದರೆ ಅದನ್ನು ನಿನ್ನ ತಂಗಿ ಬೆಳಗ್ಗೆ ಫೋನಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಹೇಳಿದ್ದಾಳೆ. ಹಾಗಾಗಿ ನೇರ ವಿಷಯಕ್ಕೆ ಬರ್ತೀನಿ. ನಿನ್ನ ರೈ ಧಾನ್ಯದ ವಿಸ್ಕಿಗೆ ಬೆಳ್ಳಿ ಪದಕ ಬಂದಿದೆ. ಬರಬೇಕಾಗಿದ್ದದ್ದು ಚಿನ್ನ. ತಪ್ಪಿಸಿದವಳು ನಾನು. ಬೇರೆ ಯಾರಾದರೂ ಉಪ್ಪು ಖಾರ ಹಚ್ಚಿ ನಿನ್ನ ಕಿವಿಗೆ ಹಾಕೋ ಮೊದಲು ನಾನೇ ಹೇಳಿಬಿಡೋಣ ಅಂತ ಊಟ ಬಿಟ್ಟು ಬರೆಯೋಕೆ ಕೂತಿದ್ದೀನಿ. ನನ್ನ ನಂಬರು ಕಂಡರೆ ನೀನು ಫೋನು ಎತ್ತಲ್ಲ, ಇನ್ನೇನು ಮಾಡಲಿ? ದಯವಿಟ್ಟು ಪೂರ್ತಿ ಓದು. ಅರ್ಧಕ್ಕೇ ಸಿಟ್ಟಾಗಿ ಮುದುರಿ ಬಿಸಾಕೋ ನಿನ್ನ ಬುದ್ಧಿ ನನಗೆ ಗೊತ್ತಿಲ್ಲದ್ದಲ್ಲ.

ಅಲ್ಲ ಮಾರಾಯ, ಸ್ಪರ್ಧೆಗೆ ಕಳಿಸ್ತಿದ್ದೀನಿ ಅಂತ ಒಂದು ಮಾತು ನನಗೆ ತಿಳಿಸಿದ್ದರೆ ನಿನ್ನ ಗಂಟೇನು ಹೋಗ್ತಿತ್ತು? ಮದುವೆಯಾದಾಗಿನಿಂದ ಒಂದೇ ರಾಗ ಹಾಡಿದವನು ನೀನು. ಪದಕ ಬೇಕಾಗೋದು ಗಿರಾಕಿ ಇಲ್ಲದವರಿಗೆ, ನಾಲ್ಕು ಜನ ಮೂಸಿ ಉಗುಳೋದಕ್ಕೆ ನಾನು ವಿಸ್ಕಿ ಮಾಡಲ್ಲ, ಅಂತ. ಆ ನಾಲ್ಕು ಜನರಲ್ಲಿ ನಾನೂ ಒಬ್ಬಳು ಅನ್ನೋದನ್ನ ಮರೆತೇ ಹಾಡ್ತಿದ್ದೆ. ಇಂಥವನು ಗುಟ್ಟಾಗಿ ಬಾಟಲಿ ಕಟ್ಟಿ ಕಳಿಸ್ತಾನೆ ಅಂತ ನಾನು ಕನಸು ಕಾಣಬೇಕಿತ್ತಾ?

ನಾನು ಇಲ್ಲಿಗೆ ತೀರ್ಪುಗಾರಳಾಗಿ ಬಂದದ್ದು ಜಿನ್ ಮೇಜಿಗೆ. ಶುಕ್ರವಾರ ಬೆಳಗ್ಗೆ ರೈ ಮೇಜಿನ ಒಬ್ಬರಿಗೆ ಶೀತವಾಗಿ ಮೂಗು ಕಟ್ಟಿತು. ಮೂಗು ಕಟ್ಟಿದ ತೀರ್ಪುಗಾರ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ, ಹಾಗಾಗಿ ನನ್ನನ್ನ ಎಬ್ಬಿಸಿ ಅಲ್ಲಿ ಕೂರಿಸಿದರು. ಖಡಕ್ ರೈ ವಿಭಾಗ, ಸಾಮಾನ್ಯ ಬಾಟಲಿಗಿಂತ ತುಂಬಾ ತೀಕ್ಷ್ಣವಾದ, ಸಣ್ಣ ಭಟ್ಟಿಗಳ ಮಾಲು ಮಾತ್ರ. ಗಂಡ, ಅಣ್ಣ, ನಂಟರು, ನಿಮ್ಮವರಲ್ಲಿ ಯಾರದ್ದಾದರೂ ಇದೆಯಾ ಅಂತ ಹಿರಿಯ ತೀರ್ಪುಗಾರರು ಕೇಳಿದರು. ನಾವೆಲ್ಲ ಬೆನ್ನ ಹಿಂದೆ ಮೂಗಯ್ಯ ಅಂತೀವಲ್ಲ, ಅವರೇ. ನಾನು ಇಲ್ಲ ಅಂದೆ. ನಮ್ಮನೆಯವರು ಸ್ಪರ್ಧೆ ಅಂದರೆ ಮೈಲಿ ದೂರ ಓಡ್ತಾರೆ ಅಂತ ನಕ್ಕೂಬಿಟ್ಟೆ.

ಎಂಟು ಗ್ಲಾಸು. ಹೊಟ್ಟೆ ದಪ್ಪ, ಬಾಯಿ ಸಣ್ಣ, ಮೇಲೊಂದು ಗಾಜಿನ ಮುಚ್ಚಳ, ಬುಡದಲ್ಲಿ ಸಂಖ್ಯೆ. ಪಕ್ಕದಲ್ಲಿ ಒಣ ಬ್ರೆಡ್ಡು, ಉಗುಳೋ ಲೋಟ, ನೀರು ತುಂಬಿದ ಡ್ರಾಪರ್. ಮೊದಲು ಹಾಗೇ ನೋಡಬೇಕು, ಆಮೇಲೆ ಎರಡು ಹನಿ ನೀರು ಬಿಟ್ಟು ಇನ್ನೊಮ್ಮೆ ನೋಡಬೇಕು. ಇಷ್ಟು ತೀಕ್ಷ್ಣವಾದದ್ದು ನೀರು ಬೀಳದೆ ಬಾಯಿ ಬಿಡಲ್ಲ ಅಂತ ನಾನು ಯಾವಾಗಲೂ ಹೇಳೋದು ನಿನಗೆ ಗೊತ್ತು. ಅಂಕ ಬರೆದು ಕೊಡೋ ತನಕ ಯಾರೂ ಮಾತಾಡೋ ಹಾಗಿಲ್ಲ. ಇದು ನನ್ನದೋ ನನ್ನವರದೋ ಅಂತ ಅನುಮಾನ ಬಂದರೆ ಸದ್ದಿಲ್ಲದೆ ಕೈ ಎತ್ತಿ, ಮುಚ್ಚಳ ಮುಚ್ಚಿ, ಗ್ಲಾಸು ಪಕ್ಕಕ್ಕೆ ಸರಿಸಬೇಕು. ಇಷ್ಟೇ ನಿಯಮ. ಹೊಸಬರಿಗೆ ಇದನ್ನ ಹೇಳಿಕೊಡೋಳೇ ನಾನು.

ನಾಲ್ಕನೇ ಗ್ಲಾಸಿನ ಮುಚ್ಚಳ ತೆಗೆದೆ. ಅಯ್ಯೋ ದೇವರೇ! ಮೂಗಿಗೆ ಹೊಡೆದ ಹೊಡೆತಕ್ಕೆ ಕಣ್ಣಲ್ಲಿ ನೀರು ಬಂತು. ಕಾಳುಮೆಣಸು, ಅಂಟಿನ ವಾಸನೆ, ಸುಟ್ಟ ಮರ, ಅದರ ಹಿಂದೆ ಏನೋ ಒಳ್ಳೇದಿದೆ, ಆದರೆ ಬಾಗಿಲಿಗೆ ಅಡ್ಡ ನಿಂತ ಹಾಗೆ ಈ ಉರಿ ಬಿಡಲ್ಲ. ಒಂದು ಗುಟುಕು ನಾಲಿಗೆ ಮೇಲಿಟ್ಟೆ. ತುಟಿಯಿಂದ ಎದೆಯವರೆಗೆ ಬರೀ ಜಂಭ. ಇದು ನಮ್ಮವನದ್ದೇ ಅಂದುಕೊಂಡೆ. ನನಗೆ ಹೇಳದೆ ಕಳಿಸಿದ್ದಾನೆ, ಅದೂ ಒಂದು ಹನಿ ನೀರು ಸೋಕಿಸದೆ, ಇಷ್ಟು ವರ್ಷ ನಾನು ಬಡಕೊಂಡದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ಅಂತ ಸಿಟ್ಟು ನೆತ್ತಿಗೇರಿತು. ಕೈ ಎತ್ತಬೇಕಿದ್ದವಳು ಬಾಯಿ ಎತ್ತಿಬಿಟ್ಟೆ. ಇದು ನಮ್ಮ ಯಜಮಾನರದ್ದು, ಒಂದು ಸಲ ಮೂಸಿದರೆ ಸಾಕು ನನಗೆ ಗೊತ್ತಾಗುತ್ತೆ, ನಾನು ಅಂಕ ಹಾಕಲ್ಲ, ಎರಡು ಚೊಂಬು ನೀರು ಹಾಕಿದ್ದರೆ ಇವರ ಗಂಟಲೇನು ಒಣಗ್ತಿತ್ತಾ ಅಂದುಬಿಟ್ಟೆ. ಮೇಜೆಲ್ಲ ನಕ್ಕಿತು. ಮೂಗಯ್ಯ ಮಾತ್ರ ನಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಸುಮ್ಮನೆ ಹೇಳಿಲ್ಲ ದೊಡ್ಡವರು.

ಐದನೆಯದು ಸಪ್ಪೆ. ಆರನೆಯದರ ಮುಚ್ಚಳ ತೆಗೆದಾಗ ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ನಿಜ ಹೇಳ್ತೀನಿ, ಅದು ಇಳಿಸಿತು. ಅದೂ ತೀಕ್ಷ್ಣವೇ, ಆದರೆ ಎದುರಿಗೆ ನಿಂತು ಜಗಳ ಆಡಲ್ಲ, ಬಾ ಕೂತ್ಕೋ ಅನ್ನುತ್ತೆ. ಒಣಹುಲ್ಲು, ಕಿತ್ತಳೆ ಸಿಪ್ಪೆ, ಕಾಳುಮೆಣಸು ಇದೆ ಆದರೆ ತನ್ನ ಜಾಗದಲ್ಲಿದೆ. ಎರಡನೇ ಗುಟುಕಿಗೆ ಒಂಚೂರು ಸೋಂಪು, ಕೊನೆಗೆ ಹೊಸ ಬ್ರೆಡ್ಡಿನ ಸಿಪ್ಪೆಯ ರುಚಿ ಎಷ್ಟೋ ಹೊತ್ತು ಉಳೀತು. ಉಗುಳಬೇಕಾಗಿತ್ತು. ನುಂಗಿಬಿಟ್ಟೆ. ಇಷ್ಟು ವರ್ಷದ ಕೆಲಸದಲ್ಲಿ ಯಾವ ಗ್ಲಾಸಿಗೂ ಹಾಕದಷ್ಟು ಅಂಕ ಹಾಕಿದೆ.

ಎಲ್ಲರೂ ಅಂಕ ಕೊಟ್ಟಾದ ಮೇಲೆ ಬಾಯಿ ಬಿಡಬಹುದು. ಯಾರಿಗೆ ಏನು ಇಷ್ಟವಾಯಿತು ಅಂತ ಮೂಗಯ್ಯ ಕೇಳಿದರು. ನಾನು ತಡೀಲಾರದೆ ಆರನೆಯದನ್ನ ಹೊಗಳಿದೆ. ಪೀಪಾಯಿಯ ಉರಿಗೆ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ ನೀರು ಕೂಡಿಸಿ, ಕಾದು ಕಾದು ಮಾಡಿದ್ದಾನೆ, ಇವನು ಇನ್ನೊಬ್ಬರ ಮಾತು ಕೇಳೋ ಮನುಷ್ಯ, ಇವನ ಹೆಂಡತಿ ಪುಣ್ಯ ಮಾಡಿದ್ದಳು ಅಂದೆ. ಹೌದು ಕಣೋ. ಅಷ್ಟು ಜನರ ಮುಂದೆ, ಸ್ಪಷ್ಟವಾಗಿ, ಗಂಟೆ ಹೊಡೆದ ಹಾಗೆ.

ಒಳಗಿನ ಕೋಣೆಯಿಂದ ಹೆಸರಿನ ಪಟ್ಟಿ ಬಂತು. ನಾಲ್ಕನೆಯದು ಯಾರೋ ಅಕ್ಕತಂಗಿಯರು ಹೊಸದಾಗಿ ಶುರು ಮಾಡಿದ ಭಟ್ಟಿಯದ್ದು. ಆರನೆಯದು ನಿನ್ನದು.

ಆಗ ಮೇಜು ನಕ್ಕ ನಗುವನ್ನ ನಾನು ಬರೆಯಲ್ಲ. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗ್ತಿದ್ದೆ. ಪಾಪ ಆ ಅಕ್ಕತಂಗಿಯರು! ನನ್ನ ಬಾಯಿಂದಾಗಿ ಅವರ ಗ್ಲಾಸಿನ ಅಂಕ ರದ್ದು ಮಾಡಿ, ನಿನ್ನೆ ಬೇರೆ ಮೇಜಿಗೆ ಕೊಟ್ಟು ಮತ್ತೆ ತೀರ್ಪು ಮಾಡಿಸಬೇಕಾಯಿತು. ಅವರಿಗೆ ಕಂಚು ಬಂತು, ಅಷ್ಟು ಸಮಾಧಾನ. ಎರಡು ಹನಿ ನೀರು ಬಿದ್ದ ಮೇಲೆ ಅದರ ಒಳಗಿನ ಒಳ್ಳೇದು ಹೊರಗೆ ಬಂದಿತಂತೆ.

ಇನ್ನು ನಿನ್ನ ವಿಷಯ. ಮೂಗಯ್ಯ ಅಂದರು, ಅದು ಯಾರದ್ದು ಅಂತ ನಿಮಗೆ ಗೊತ್ತೇ ಇರಲಿಲ್ಲ, ಇಡೀ ದಿನದಲ್ಲಿ ಇಷ್ಟು ಶುದ್ಧವಾದ ಅಂಕ ಯಾರೂ ಹಾಕಿಲ್ಲ, ಇರಲಿ ಬಿಡಿ ಅಂತ. ನನ್ನ ಅಂಕ ಸೇರಿದರೆ ಚಿನ್ನ, ತೆಗೆದರೆ ಬೆಳ್ಳಿ. ತೆಗೀರಿ ಅಂದೆ. ಹಲ್ಲು ಕಡೀಬೇಡ, ಕೇಳು. ಗಂಡನ ವಿಸ್ಕಿ ಮೂಸಿದರೆ ಸಾಕು ಗೊತ್ತಾಗುತ್ತೆ ಅಂತ ಜಂಭ ಕೊಚ್ಚಿಕೊಂಡವಳು ನಾನು. ಅದೇ ಹೆಂಗಸು ಗೊತ್ತಿಲ್ಲದೆ ಗಂಡನಿಗೇ ಚಿನ್ನ ಕೊಟ್ಟಳು ಅಂದರೆ ಯಾರು ನಂಬ್ತಾರೆ? ನಾಳೆ ಆ ಬಾಟಲಿ ಕೈಗೆ ತಗೊಂಡವರೆಲ್ಲ, ಓ ಇದಾ, ಹೆಂಡತಿ ಕೊಟ್ಟ ಚಿನ್ನ ಅಲ್ವಾ ಅಂತ ಮೂತಿ ತಿರುವ್ತಾರೆ. ನಿನ್ನನ್ನ ಏನಾದರೂ ಅನ್ನಲಿ, ನಾನೂ ಅಂದಿದ್ದೀನಿ. ಆ ವಿಸ್ಕಿಯನ್ನ ಹಾಗೆ ಅನ್ನೋದನ್ನ ನಾನು ಕೇಳಲಾರೆ. ಉಳಿದ ನಾಲ್ವರೂ ನಿನ್ನ ಮುಖ ನೋಡದೆ ಕೊಟ್ಟ ಬೆಳ್ಳಿ ಅದು. ಪೂರ್ತಿ ನಿನ್ನದು.

ಇವತ್ತು ಬೆಳಗ್ಗೆ ನಿನ್ನ ತಂಗಿಗೆ ಫೋನು ಮಾಡಿ, ಇದೇನೇ ನಿಮ್ಮಣ್ಣನ ಕಥೆ ಅಂತ ಕೇಳಿದೆ. ಬಾಟಲಿ ತುಂಬೋಳು ಅವಳೇ ತಾನೆ, ಗೊತ್ತಿರದೆ ಇರುತ್ತಾ? ಅಯ್ಯೋ ಅತ್ತಿಗೆ, ಹೇಳಿದರೆ ಅಣ್ಣ ನನ್ನನ್ನ ಪೀಪಾಯಿಗೆ ಹಾಕಿ ಮುಚ್ತಾನೆ ಅಂತ ಶುರು ಮಾಡಿ ಎಲ್ಲಾನೂ ಹೇಳಿದಳು. ನಾನು ಮನೆ ಬಿಟ್ಟ ಮರುವಾರವೇ ನೀರು ಹಾಕೋಕೆ ಶುರು ಮಾಡಿದೆಯಂತೆ. ಅದೂ ನಮ್ಮ ಜಗಳದ ಆ ಗಾಜಿನ ಜಗ್ಗಿನಲ್ಲೇ!

ಎಲ್ಲಿಟ್ಟುಕೊಳ್ಳಲಿ ನನ್ನ ಹೊಟ್ಟೆಯುರೀನ? ಮನೆಯಲ್ಲಿದ್ದಷ್ಟು ವರ್ಷ ನಾನು ಕೈ ಮುಗಿದು ಹೇಳಿದೆ. ನೀನು, ಹಾಲಿಗೆ ನೀರು ಹಾಕೋರ ಬುದ್ಧಿ ನಿಂದು ಅಂದೆ. ನೀರಮ್ಮ ಅಂತ ಹೆಸರಿಟ್ಟು ಕೆಲಸದವರ ಮುಂದೆಲ್ಲ ಕರೆದೆ. ಬಂದವರ ಎದುರಿಗೆ ನಾನು ನನ್ನ ಗ್ಲಾಸಿಗೆ ಒಂದು ತೊಟ್ಟು ನೀರು ಹಾಕಿಕೊಂಡೆ ಅಂತ ನೀನು ಜಗ್ಗು ಕಿತ್ತುಕೊಂಡು ಸಿಂಕಿಗೆ ಸುರಿದು, ನನ್ನ ಭಟ್ಟಿಯಲ್ಲಿ ಇದು ನಡೆಯಲ್ಲ ಅಂದೆ. ನೀರು ಸುರಿದದ್ದಕ್ಕೆ ನಾನು ಹೋಗಲಿಲ್ಲ, ತಿಳ್ಕೋ. ನಮ್ಮ ಭಟ್ಟಿ ಒಂದೇ ಕ್ಷಣದಲ್ಲಿ ನಿನ್ನ ಭಟ್ಟಿ ಆಯಿತಲ್ಲ, ಅದಕ್ಕೆ ಹೋದೆ. ಇಷ್ಟೆಲ್ಲ ಮಾಡಿ, ನಾನು ಬಾಗಿಲು ದಾಟೋದೇ ತಡ, ಅದೇ ಜಗ್ಗು ಹಿಡ್ಕೊಂಡು ನೀರು ಹಾಕ್ತೀಯ! ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋನು, ಹೆಂಡತಿ ಹೋದಮೇಲೆ ನಾಲ್ಕನೇ ಕಾಲು ಹುಡುಕಿಕೊಂಡನಂತೆ. ಒಂದು ಫೋನು ಮಾಡಿ ನೀನು ಹೇಳಿದ್ದು ಸರಿ ಕಣೇ ಅನ್ನೋಕೆ ನಾಲಿಗೆಗೆ ಏನಾಗಿತ್ತು?

ಇನ್ನೂ ಒಂದು ಹೇಳಿದಳು. ಹೇಳಬೇಡಿ ಅಂತ ಆಣೆ ಹಾಕಿಸಿಕೊಂಡಿದ್ದಾಳೆ, ಆದರೂ ಬರೀತೀನಿ. ಪ್ರತೀ ಸಲ ಪೀಪಾಯಿಗೆ ನೀರು ಸುರಿಯುವಾಗ ಅದರ ಮೇಲೆ ಬಗ್ಗಿ, ತಗೊಳ್ಳೇ ನೀರಮ್ಮ, ಸಾಕಾ, ಇನ್ನೂ ಬೇಕಾ ಅಂತ ಗೊಣಗ್ತೀಯಂತೆ. ಅವಳು ನಗ್ತಾ ಹೇಳಿದಳು. ನನಗೆ ನಗು ಬರಲಿಲ್ಲ. ಫೋನಿಟ್ಟು ಮುಖ ತೊಳ್ಕೊಂಡು ಬಂದು ಈ ಕಾಗದ ತಗೊಂಡೆ.

ಪೀಪಾಯಿಯ ಹತ್ತಿರ ಹೇಳೋದನ್ನ ನನ್ನ ಹತ್ತಿರ ಹೇಳೋಕೆ ಆಗಲ್ಲ ಅಂದರೆ ನಿನಗೆ ಏನು ಹೇಳಬೇಕೋ ನನಗಂತೂ ತಿಳಿಯದು. ಪದಕ ಅಂಚೆಯಲ್ಲಿ ಕಳಿಸ್ತೀವಿ ಅಂದರು. ಬೇಡ, ಅದು ದಾರೀಲಿ ಒಡೆದು ಹೋದರೆ ಕಷ್ಟ ಅಂತ ನಾನೇ ಇಸ್ಕೊಂಡೆ. ಮೂಗಯ್ಯ ನನ್ನ ಮುಖ ಒಂದು ಥರಾ ನೋಡಿದರು, ನೋಡಲಿ. ಗುರುವಾರ ತಂದುಕೊಡ್ತೀನಿ. ಚಿನ್ನ ಹೋದದ್ದಕ್ಕೆ ಎಷ್ಟು ಬೇಕಾದರೂ ಬೈಯಿ, ಬಾಗಿಲಲ್ಲೇ ನಿಂತು ಕೇಳ್ತೀನಿ. ಆದರೆ ಬೈದು ಮುಗಿಸಿದ ಮೇಲೆ ನಮ್ಮ ಭಟ್ಟಿ ಅಂತ ಒಂದು ಸಲ ಅನ್ನಬೇಕು. ಅಂದರೆ ಒಳಗೆ ಬರ್ತೀನಿ. ಇಲ್ಲ ಅಂದರೆ ಪದಕ ನಿನ್ನ ತಂಗಿಯ ಕೈಗೆ ಕೊಟ್ಟು ಹೊರಡ್ತೀನಿ.

ನೀನೇ ಇಟ್ಟ ಹೆಸರಿನ, ಇನ್ನೂ ನಿನ್ನ ಹೆಂಡತಿಯೇ ಆಗಿರೋ,
ನೀರಮ್ಮ

ತಾ.ಕ.: ಒಂದು ಬರೆಯೋದು ಬಿಟ್ಟೆ. ನನ್ನ ಅಂಕ ಹೊಡೆದುಹಾಕುವಾಗ ಮೂಗಯ್ಯ ನನ್ನ ಹಾಳೆ ನೋಡಿ ಕೇಳಿದರು, ಅಂಕ ಹಾಕಿದ ಉಳಿದೆಲ್ಲ ಗ್ಲಾಸಿಗೂ ನೀರು ಹಾಕಿದ್ದೀರಿ, ಆರನೆಯದಕ್ಕೆ ಯಾಕೆ ಹಾಕಿಲ್ಲ ಅಂತ. ಆಗಲೇ ನನಗೂ ಗೊತ್ತಾದದ್ದು. ಮರೆತೆ ಸಾರ್ ಅಂದೆ. ಮರೆತಿರಲಿಲ್ಲ ಕಣೋ, ಬೇಕಾಗಲಿಲ್ಲ.