ಕ್ಯಾಜುವಾಲ್ಟಿಯ ಮಾತು ವಾರ್ಡಿಗೆ ತಲುಪಲಿಲ್ಲ

ಪಾಲಿಕೆ ಆಸ್ಪತ್ರೆಯ ಅಧೀಕ್ಷಕರೇ,

ಇವತ್ತು ಬೆಳಿಗ್ಗೆ ನಿಮ್ಮ ಕ್ಯಾಜುವಾಲ್ಟಿಯ ಬಾಗಿಲಲ್ಲಿ ಒಬ್ಬರು ಆಧಾರ್ ಕಾರ್ಡು ಒತ್ತೆಯಿಟ್ಟು ಸ್ಟ್ರೆಚರ್ ಪಡೆದರು. ಮರಳಿ ತಂದಾಗ ಸಿಬ್ಬಂದಿ ಚಕ್ರಗಳನ್ನು ತಿರುಗಿಸಿ ನೋಡಿಯೇ ಕಾರ್ಡು ವಾಪಸು ಕೊಟ್ಟರು. ಎಂಥ ಅಚ್ಚುಕಟ್ಟು! ಅದರ ಮೇಲೆ ಮಲಗಿ ವಾರ್ಡಿಗೆ ಹೋದ ಮನುಷ್ಯನನ್ನು ಯಾರು ಯಾರಿಗೆ ಒಪ್ಪಿಸಿದರು ಎಂದು ಮಾತ್ರ ಯಾರೂ ಕೇಳಲಿಲ್ಲ. ನನ್ನ ದೂರು ಅಷ್ಟೇ. ಮರಾಠಿಯಲ್ಲಿ ಕೊಟ್ಟ ಅರ್ಜಿಗೆ ನಿಮ್ಮಿಂದ ಉತ್ತರ ಬರಲಿಲ್ಲವಾದ್ದರಿಂದ ಈಗ ನನ್ನ ಭಾಷೆಯಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ.

ನನ್ನ ಅಪ್ಪ ಭೀಮರಾಯ ಭಾಂಡುಪ್‌ನ ನಾಕಾದಲ್ಲಿ, ಕೂಲಿಯಾಳುಗಳು ಸೇರುವ ಚೌಕದಲ್ಲಿ ನಿಂತು ದಿನಗೂಲಿ ಹುಡುಕುವವರು. ಕಳೆದ ವಾರ ಕಾಲಿಗೆ ಮೊಳೆ ಹೊಕ್ಕು, ಕೀವಾಗಿ, ಜ್ವರದಲ್ಲಿ ನಿಮ್ಮಲ್ಲಿಗೆ ಬಂದರು. ಕ್ಯಾಜುವಾಲ್ಟಿಯ ವೈದ್ಯೆ ಇಂಜೆಕ್ಷನ್ನಿನ ಒಂದು ತೊಟ್ಟು ಚುಚ್ಚಿ ಪರೀಕ್ಷಿಸಿದಾಗ ತೋಳು ಕೆಂಪಾಗಿ ಊದಿತು. ಈ ಮದ್ದು ಇವರಿಗೆ ಆಗದು ಎಂದು ಅಲ್ಲೇ ತಿಳಿಯಿತು. ಆಗ ನಾನು ಕೇಸ್ ಪೇಪರ್ ಮಾಡಿಸುವ ಸಾಲಿನಲ್ಲಿದ್ದೆ. ವೈದ್ಯೆ ವಾರ್ಡ್‌ಬಾಯ್ ಸಚಿನನಿಗೆ, "ಉಪರ್ ಬೋಲ್ ದೇನಾ" ಎಂದರಂತೆ, ಮೇಲೆ ವಾರ್ಡಿನಲ್ಲಿ ಹೇಳಿಬಿಡು ಎಂದು. ಅವನಿಗಾಗಿ ಇನ್ನೂ ಇಬ್ಬರು ರೋಗಿಗಳು ಕಾಯುತ್ತಿದ್ದರು. ಅಪ್ಪನನ್ನು ಮಂಚಕ್ಕೆ ಹಾಕಿ, ಆ ಮಾತು ಹೇಳದೆಯೇ ಓಡಿದ. ವಾರ್ಡಿನ ವೈದ್ಯರು ಅದೇ ಇಂಜೆಕ್ಷನ್ ಹಿಡಿದು, ಇದು ನಿಮಗೆ ಆಗುತ್ತದಲ್ಲವೇ ಎಂದು ಅಪ್ಪನನ್ನೇ ಕೇಳಿದರು:

"ಕಾಕಾ, ಯೇ ಇಂಜೆಕ್ಷನ್ ಚಲ್ತಾ ಹೈ ನಾ?"

"ಹಾಂ ಸಾಬ್."

ಅದನ್ನು ಚುಚ್ಚಿದ ಸ್ವಲ್ಪ ಹೊತ್ತಿಗೆ ಗಂಟಲು ಊದಿ, ಉಸಿರು ಸಿಕ್ಕಿಕೊಂಡಿತು. ಅಲ್ಲಿಂದ ಐಸಿಯು.

ನಿನ್ನೆ ಅವರು ಮಾತಾಡುವಂತಾದಾಗ ಕೇಳಿದೆ: "ಯಾಕ ಹಾಂ ಅಂದಿ, ಅಪ್ಪಾ?"

"ಅಲ್ಲವ್ವಾ, ನಾಕಾದಾಗ ಸೇಠ್ ಗಾರೆ ಕೆಲಸ ಬರ್ತದೇನು ಅಂದ್ರ ಹಾಂ, ಬಣ್ಣ ಹಚ್ಚತೀ ಏನು ಅಂದ್ರೂ ಹಾಂ. ಇಲ್ಲ ಅಂದಾಂವ ಮಧ್ಯಾಹ್ನದ ತನಕ ಅಲ್ಲೇ ನಿಂದ್ರತಾನ. ಇವರಂತೂ ಡಾಕ್ಟರು! ನೀ ಬಿ.ಎ. ಮಾಡಿದಾಕಿ, ನಾಕು ಮಂದಿ ಮುಂದ ಬಾಯಿ ತೆರೀತೀಯೇನು?"

ಹೊಟ್ಟೆಪಾಡಿಗಾಗಿ ಕಲಿತ ಆ ಒಂದು ಉತ್ತರವನ್ನು ನಿಮ್ಮ ಆಸ್ಪತ್ರೆ ವೈದ್ಯಕೀಯ ಮಾಹಿತಿಯೆಂದು ಸ್ವೀಕರಿಸಿತು. ಮಾನ್ಯರೇ, ಕ್ಯಾಜುವಾಲ್ಟಿಗೂ ವಾರ್ಡಿಗೂ ನಡುವೆ ಫೋನಿಲ್ಲವೇ? ಜ್ವರದಲ್ಲಿ ನಡುಗುವವನೇ ತನ್ನ ಚಿಕಿತ್ಸೆಯ ವರದಿ ಒಪ್ಪಿಸಬೇಕೇ? ಸಿಬ್ಬಂದಿ ಸಾಲದು ಎನ್ನುತ್ತೀರಿ, ಕಣ್ಣಾರೆ ಕಂಡಿದ್ದೇನೆ. ಹಾಗಾದರೆ ಎರಡು ಮಾತು ಉಳಿಸಿ ಐಸಿಯುವಿನ ಒಂದು ಮಂಚ ತುಂಬಿಸುವುದು ಯಾವ ಮಿತವ್ಯಯ?

ಕ್ಯಾಜುವಾಲ್ಟಿಯ ನರ್ಸ್ ರೋಗಿಯ ಜೊತೆ ಮಂಚದವರೆಗೆ ಬರಲಿ. ಏನು ಕೊಟ್ಟಾಯಿತು, ಏನು ಕೊಡಲೇಬಾರದು ಎಂದು ವಾರ್ಡಿನ ನರ್ಸ್‌ಗೆ ಎದುರೆದುರೇ ಹೇಳಲಿ. ಕೇಳಿಸಿಕೊಂಡವರು ಅದನ್ನು ತಿರುಗಿ ಹೇಳಲಿ. ಇದನ್ನು ಈ ತಿಂಗಳೇ ಆದೇಶವಾಗಿ ಹೊರಡಿಸಿ.

ನಾಳೆ ಅಪ್ಪನನ್ನು ಐಸಿಯುವಿನಿಂದ ಅದೇ ವಾರ್ಡಿಗೆ ಕಳಿಸುತ್ತಾರಂತೆ. ಕಳಿಸುವವರೂ ಪಡೆಯುವವರೂ ನನ್ನೆದುರು ಮಾತಾಡಿಕೊಳ್ಳುವ ತನಕ ನಾನು ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ. ಗಾರ್ಡ್ ಗದರಿದರೂ ಸರಿಯುವುದಿಲ್ಲ.

ಇಂತಿ,
ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ಅಂಜುವ
ಶಿವಕುಮಾರಿ, ಭಾಂಡುಪ್