ಹನ್ನೊಂದು ಬೀಗದ ಕೈ

ದ್ವೀಪದಿಂದ,
ಜೂನ್ ೧೯, ಬುಧವಾರ

ಪ್ರೀತಿಯ ವೆಂಡೆಲ್,

‘ಪ್ರೀತಿಯ’ ಎಂದು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಎಂಟು ತಿಂಗಳಿಂದ ಸಮುದ್ರದ ಆಚೆ ದಡದಲ್ಲಿರುವ ಗಂಡನಿಗೆ ಏನೆಂದು ಬರೆಯಬೇಕೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ಫೋನ್ ಮಾಡಬಹುದಿತ್ತು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಜಗಳಕ್ಕೆ ನಿಲ್ಲುತ್ತೇನೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಕಾಗದವಾದರೆ ಕೊನೆಯ ತನಕ ಸುಮ್ಮನೆ ಓದಲೇಬೇಕು.

ನಿನ್ನ ಮಗಳು ಕೊರಿನ್ ಶನಿವಾರ ಬೆಳಗಿನ ಹಡಗಿಗೆ ನಿನ್ನ ಹತ್ತಿರ ಬರುತ್ತಾಳೆ. ರಜೆಗಲ್ಲ. ಸೆಪ್ಟೆಂಬರಿನಲ್ಲಿ ಅಲ್ಲಿನ ಶಾಲೆಗೇ ಸೇರಲಿ. ಅಕ್ಟೋಬರಿನಲ್ಲಿ ನೀನು ಹೇಳಿದ್ದೂ ಇದನ್ನೇ, ನಾನು ತಟ್ಟೆ ಎಸೆದದ್ದೂ ಇದಕ್ಕೇ. ತಟ್ಟೆ ನಮ್ಮದಾಗಿರಲಿಲ್ಲ, ಮನೆ ಮಾಲೀಕರದು. ಅದರ ಬದಲು ಹೊಸದನ್ನು ತಂದಿಟ್ಟಿದ್ದೇನೆ.

ಬೇಕರಿಯ ಮೇಲಿನ ಕೋಣೆ ಸಿಕ್ಕಿತು ಎಂದು ಮೇ ತಿಂಗಳಲ್ಲಿ ಹೇಳಿದ್ದೆನಲ್ಲ, ಅದು ಸುಳ್ಳು. ಕೋಣೆ ಇದ್ದದ್ದು ನಿಜ. ಬೇಸಿಗೆಯ ಕೆಲಸಕ್ಕೆ ಬಂದ ಆರು ಹುಡುಗಿಯರನ್ನು ಒಂದರ ಮೇಲೊಂದು ಮಂಚ ಹಾಕಿ ಅಲ್ಲಿ ತುಂಬಿದರು. ನಾವು ಎಂದಿನಂತೆ ಮೇ ಕೊನೆಯ ವಾರ, ಚಳಿಗಾಲಕ್ಕೆ ಮಾತ್ರ ಬಾಡಿಗೆಗೆ ಕೊಡುವ ಮನೆ ಬಿಟ್ಟೆವು. ಗೋಡೆಯ ಮೊಳೆ ಕಿತ್ತು, ತೂತಿಗೆ ಬಿಳಿ ಗಾರೆ ಮೆತ್ತಿ, ಒಲೆ ತಿಕ್ಕಿ, ಅಲ್ಲಿ ಒಂಬತ್ತು ತಿಂಗಳು ಯಾರೋ ಉಸಿರಾಡಿದ್ದರು ಎಂಬ ಗುರುತೂ ಇಲ್ಲದ ಹಾಗೆ. ಚಳಿಗೆ ನಾವು ನೆಂಟರು, ಬಿಸಿಲಿಗೆ ನಾವೇ ತಂಟೆಕೋರರು. ಕೊರಿನ್ ಈ ಸಲ ತನ್ನ ಪೆಟ್ಟಿಗೆ ತಾನೇ ಕಟ್ಟಿದಳು, ಇಪ್ಪತ್ತು ನಿಮಿಷದಲ್ಲಿ. ಹದಿಮೂರು ವರ್ಷಕ್ಕೆ ಇಪ್ಪತ್ತಾರು ಸಲ ಮನೆ ಬದಲಿಸಿದವಳು, ನೋಡಿ ನೋಡಿ ಕೈ ಪಳಗಿದೆ.

ಆಮೇಲೆ ವ್ಯಾನಿನಲ್ಲಿದ್ದೆವು. ಮೀನುಗಾರರ ದೋಣಿಕಟ್ಟೆಯ ಹಿಂದೆ ನಿಲ್ಲಿಸಿಕೊಂಡು. ಹೋಮ್‌ವರ್ಕ್ ಲೈಬ್ರರಿಯಲ್ಲಿ, ಸ್ನಾನ ಕಡಲತೀರದ ಸಾರ್ವಜನಿಕ ನಲ್ಲಿಯಲ್ಲಿ. ಹಗಲೆಲ್ಲ ನಾನು ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು, ಬೇಸಿಗೆಗೆ ಮಾತ್ರ ಬರುವ ಶ್ರೀಮಂತರ ಮನೆಗಳಿಗೆ ಗಾಳಿ ಬೆಳಕು ತೋರಿಸುತ್ತ ತಿರುಗಿದೆ. ಸೊಂಟದಲ್ಲಿ ಹನ್ನೊಂದು ಬಂಗಲೆ, ಸಂಸಾರ ಮಾತ್ರ ವ್ಯಾನಿನಲ್ಲೇ. ಪ್ರಾಸ ಕೂಡಿತೆಂದು ಖುಷಿಯಲ್ಲಿ ಮಗಳಿಗೆ ಹೇಳಿದರೆ ಅವಳು ನಗಲಿಲ್ಲ.

“ಅಮ್ಮ, ನಾವೀಗ ಮನೆ ಇಲ್ಲದೋರಾ?” ಅಂದಳು.

“ಇಲ್ಲ ಕಣೇ, ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಇದ್ದೀವಿ ಅಷ್ಟೇ.”

“ನಾನು ಹುಟ್ಟಿದಾಗಿಂದ ನಡುವೇನೇ ಇದ್ದೀವಲ್ಲ,” ಅಂದಳು.

ಜೂನ್ ಮೊದಲ ವಾರ ನಾಲ್ಕು ದಿನ ಬಿಡದೆ ಮಳೆ ಹಿಡಿಯಿತು. ವ್ಯಾನಿನ ಹಿಂಬಾಗಿಲು ಸೋರಿ ಅವಳ ಹಾಸಿಗೆ ನೆನೆಯಿತು. ಕೆಮ್ಮು ಶುರುವಾಯಿತು, ನಿನ್ನ ಕಡೆಯ ಕೆಮ್ಮು, ಎದೆಯೊಳಗಿಂದ ಬರುವಂಥದ್ದು. ಐದನೆಯ ದಿನ ನಾನು ಆ ಹನ್ನೊಂದರಲ್ಲಿ ಒಂದಾದ ಎಲರಿಯವರ ಮನೆಯ ಬೀಗ ತೆಗೆದೆ. ಹೌದು, ವೆಂಡೆಲ್, ತೆಗೆದೆ. ಅವರು ಬರುವುದು ಜುಲೈ ಎರಡಕ್ಕೆ. ಎಂಟು ಮಲಗುವ ಕೋಣೆಗಳ ಮನೆ, ಚಳಿಗಾಲವಿಡೀ ಕೊಳವೆಯ ನೀರು ಹೆಪ್ಪುಗಟ್ಟದಿರಲಿ ಎಂದು ಬೆಚ್ಚಗೆ ಇಟ್ಟಿದ್ದ ಮನೆ.

ಹತ್ತೊಂಬತ್ತು ವರ್ಷ ಈ ಕೆಲಸದಲ್ಲಿದ್ದೇನೆ. ಬೇರೆಯವರ ಕುರ್ಚಿಯ ಮೇಲೆ ಕೂತವಳಲ್ಲ. ಅಲ್ಲೂ ಮಂಚ ಮುಟ್ಟಲಿಲ್ಲ, ಒಲೆ ಹಚ್ಚಲಿಲ್ಲ, ಪರದೆ ಸರಿಸಲಿಲ್ಲ. ನೀನು ಕಟ್ಟಿದ ಮೆಟ್ಟಿಲ ಬುಡದಲ್ಲಿ ನಮ್ಮದೇ ಕಂಬಳಿ ಹಾಸಿಕೊಂಡೆವು. ಬೇಸಿಗೆಯವರಿಗೆ ನೀನು ಎಷ್ಟು ಮೆಟ್ಟಿಲು ಕಟ್ಟಿದೆಯೋ, ನಮಗೆ ಹತ್ತಲು ಒಂದೂ ಇಲ್ಲ. ಮೂರನೆಯದು ಈಗಲೂ ಕಿರುಗುಟ್ಟುತ್ತದೆ, ತಿಳಿದಿರಲಿ.

ಒಂಬತ್ತು ದಿನ ಕಳೆದವು. ಕೆಮ್ಮು ನಿಂತಿತು. ಹತ್ತನೆಯ ದಿನ, ಕಳೆದ ಭಾನುವಾರ ಬೆಳಗ್ಗೆ, ನಾನು ಮಾಡಿದ್ದನ್ನು ಈ ದ್ವೀಪದ ಕೆಲಸದವಳಲ್ಲದೆ ಬೇರೆ ಯಾರೂ ಮಾಡಲಾರರು. ಜೂನ್ ನಡುವಿನಲ್ಲಿ ಮನೆ ತೆರೆಯುವ ಕ್ರಮ ಈ ಕೈಗೆ ಕೂತುಬಿಟ್ಟಿದೆಯಲ್ಲ: ಕಿಟಕಿ ತೆಗೆ, ತುಕ್ಕಿನ ಕೆಂಪು ಹೋಗುವ ತನಕ ನಲ್ಲಿ ಬಿಡು, ಗಡಿಯಾರಕ್ಕೆ ಕೀ ಕೊಡು, ಕೊನೆಗೆ ‘ಮನೆಯವರು ಬಂದಿದ್ದಾರೆ’ ಎಂದು ಅಂಗಳದ ಬಾವುಟ ಏರಿಸು. ಅವತ್ತು ಒಂಬತ್ತು ದಿನದ ನಂತರ ಮೊದಲ ಸಲ ಚೆನ್ನಾಗಿ ನಿದ್ದೆ ಬಂದಿತ್ತು. ಎದ್ದವಳೇ, ತಲೆ ಎಚ್ಚರಾಗುವ ಮೊದಲೇ ಕೈ ಎಲ್ಲವನ್ನೂ ಮಾಡಿ ಮುಗಿಸಿತ್ತು. ಹಗ್ಗ ಕಟ್ಟಿ, ಬಾವುಟ ನೆಟ್ಟಗೆ ಹಾರುತ್ತಿದೆಯೇ ಎಂದು ಕತ್ತೆತ್ತಿ ಕೂಡ ನೋಡಿದೆ. ಚೆನ್ನಾಗಿ ಹಾರುತ್ತಿತ್ತು.

ಎಂಟೂವರೆಗೆ, ಬಾವುಟ ನೋಡಿ, ಪಕ್ಕದ ಮನೆಯ ಮಿಸ್ಟರ್ ಪ್ರೌಟ್ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಸ್ಟ್ರಾಬೆರಿ ಪೈ. ನಿನಗೆ ನೆನಪಿರಬೇಕು, ವರ್ಷವಿಡೀ ಇಲ್ಲೇ ಇರುವ ನಿವೃತ್ತ ವಕೀಲರು. ಇಲ್ಲಿನ ಜನಕ್ಕೆ ಹನ್ನೆರಡು ಮನೆ ಕಟ್ಟೋಣ ಎಂದು ಏಪ್ರಿಲ್ ತಿಂಗಳ ಊರಸಭೆಯಲ್ಲಿ ಕೈ ಎತ್ತಿಸಿದಾಗ, ಮನೆ ಬೇಕು, ಖಂಡಿತ ಬೇಕು, ಆದರೆ ಆ ಜಾಗದಲ್ಲಿ ಗೂಬೆ ಮೊಟ್ಟೆ ಇಡುತ್ತದೆ ಎಂದು ಹತ್ತು ನಿಮಿಷ ಮಾತಾಡಿದವರು ಅವರೇ. ಏಳು ಕೈ ಕಡಿಮೆಯಾಗಿ ಆ ಯೋಜನೆ ಬಿದ್ದುಹೋಯಿತು.

ಕೊರಿನ್ ಮೆಟ್ಟಿಲ ಮೇಲೆ ಕೂತು ಹಲ್ಲುಜ್ಜುತ್ತಿದ್ದಳು. ಪ್ರೌಟ್ ಅಜ್ಜನ ಹಾಗೆ ಬಗ್ಗಿ, ಎಲರಿಯವರಿಗೆ ನೀನು ಏನಾಗಬೇಕಮ್ಮ ಎಂದು ಕೇಳಿದರು. ಮೊಮ್ಮಗಳ ಗೆಳತಿ ಎಂದಿದ್ದರೆ ಪೈ ಕೊಟ್ಟು ಹೋಗುತ್ತಿದ್ದರು. ನಾನು ಹಿಂದಿನಿಂದ ಕಣ್ಣು ಮಿಟುಕಿಸಿದೆ. ಅವಳು ಬಾಯಿ ಒರೆಸಿಕೊಂಡು ಹೇಳಿದಳು:

“ಏನೂ ಆಗ್ಬೇಕಿಲ್ಲ ಸರ್. ನಾವು ಊರಿನೋರು. ಮಲಗೋಕೆ ಜಾಗ ಇರ್ಲಿಲ್ಲ.”

ಪ್ರೌಟ್ ನನ್ನನ್ನು ನೋಡಿದರು, ಕಂಬಳಿ ನೋಡಿದರು. ಪೈ ಎಲ್ಲಿ ಇಡಬೇಕೆಂದು ತಿಳಿಯದೆ ಗಡಿಯಾರದ ಮೇಲೆ ಇಟ್ಟರು. ತಾವು ಏನೂ ನೋಡಿಲ್ಲ ಎಂದರು. ಒಳ್ಳೆಯ ಮನುಷ್ಯ, ನಿಜವಾಗಿಯೂ. ಮುಂದಿನ ಊರಸಭೆ ಯಾವಾಗ ಎಂದೂ ಕೇಳಿದರು. ಬರುವ ಏಪ್ರಿಲ್ ಎಂದೆ. “ಓ, ಅಷ್ಟು ದೂರವೇ,” ಅಂದರು.

ಅವರು ಬಾಯಿ ಬಿಡುತ್ತಿರಲಿಲ್ಲ. ಆದರೆ ಮಗಳು ನಿಜ ಹೇಳಿ ಕೂತಿದ್ದಾಳೆ, ನಾನು ಯಾವ ಮುಖ ಇಟ್ಟುಕೊಂಡು ಮುಚ್ಚಿಡಲಿ? ಮಿಸೆಸ್ ಎಲರಿಗೆ ನಾನೇ ಫೋನ್ ಮಾಡಿ ಒಪ್ಪಿಕೊಂಡೆ. ಅವರು, “ನಂಗೇನೂ ಕೋಪ ಇಲ್ಲ ಡೆಲ್ಫಿನಾ, ಬೇಜಾರಾಯ್ತು ಅಷ್ಟೇ. ಬೀಗದ ಕೈ ಮ್ಯಾಟ್ ಕೆಳಗೆ ಇಟ್ಟುಬಿಡು,” ಅಂದರು. ಅವರಿಗೆ ಗೆಳತಿಯರಿದ್ದಾರೆ, ಗೆಳತಿಯರಿಗೆ ಮನೆಗಳಿವೆ. ಮಂಗಳವಾರದ ಹೊತ್ತಿಗೆ ಹನ್ನೊಂದರಲ್ಲಿ ಏಳು ಬೀಗದ ಕೈ ಹೋದವು. ಎಲ್ಲರೂ ನಯವಾಗಿಯೇ ಕೇಳಿದರು.

ಕೊರಿನ್ ತಾನೇ ಕೆಲಸ ಕೆಡಿಸಿದ್ದು ಎಂದುಕೊಂಡಿದ್ದಾಳೆ. ಅಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇನೆ. ನೀನೂ ಹೇಳು. ಅವಳು ಅಲ್ಲಿಗೆ ಬರಲು ಒಪ್ಪಿದ್ದೂ ಅದಕ್ಕೇ, ನನ್ನ ಮೇಲಿನ ಭಾರ ಇಳಿಯಲಿ ಎಂದು. ಅವಳನ್ನು ಆ ಭಾವನೆ ಹೊತ್ತು ಶಾಲೆಗೆ ಹೋಗಲು ಬಿಡಬೇಡ. ಗೋಡೆಗೆ ಮೊಳೆ ಹೊಡೆಯಲು ಬಿಡು. ಮನೆ ನಿನ್ನ ಅಣ್ಣನದು, ಅವನು ಗೊಣಗಿದರೂ ಬಿಡು. ಸ್ವಂತ ಕೈಯಿಂದ ಒಂದು ಮೊಳೆ ಹೊಡೆದು ಏನಾದರೂ ನೇತುಹಾಕಿ, ಅದು ಜೂನ್ ಕಳೆದರೂ ಅಲ್ಲೇ ಇರುವುದನ್ನು ಅವಳು ನೋಡಲಿ.

ನನ್ನ ಬಗ್ಗೆ ಕೇಳಬೇಡ. ನಾಲ್ಕು ಮನೆ ಉಳಿದಿವೆ, ಮೀನಿನ ಹೋಟೆಲಿನಲ್ಲಿ ಸಂಜೆಯ ಕೆಲಸ ಇದೆ. ವ್ಯಾನು ಸೋರುತ್ತದೆಂದು ದೋಣಿಕಟ್ಟೆಯ ಮೀನುಗಾರರು ತಮ್ಮ ಒಂದು ದೋಣಿಯಲ್ಲಿ ಮಲಗಲು ಹೇಳಿದ್ದಾರೆ. ಗಂಡನಿಗಿಂತ ನಿನಗೆ ದ್ವೀಪವೇ ಹೆಚ್ಚು ಎಂದು ನೀನು ಹೋಗುವಾಗ ಅಂದೆ. ನಾನು ಹುಟ್ಟಿದ್ದು ಇಲ್ಲಿ, ಅಮ್ಮನನ್ನು ಮಣ್ಣು ಮಾಡಿದ್ದು ಇಲ್ಲಿ. ಈ ಊರಿನಲ್ಲಿ ನಮ್ಮವರಿಗೆ ಕಾಯಂ ಜಾಗ ಸಿಕ್ಕಿದ್ದು ಆ ಮಣ್ಣಿನಲ್ಲಿ ಮಾತ್ರ. ಹೆಚ್ಚು ಯಾವುದು ಎಂದು ಅಳೆದು ನೋಡಿಲ್ಲ, ವೆಂಡೆಲ್. ಸೋತಿದ್ದೇನೆ ಎಂದಷ್ಟೇ ಗೊತ್ತು.

ಹಡಗುಕಟ್ಟೆಗೆ ಬೇಗ ಬಂದು ನಿಂತಿರು. ಅವಳು ಇಳಿದಾಗ ಹುಡುಕುವ ಹಾಗೆ ಆಗಬಾರದು.

ಕಾನೂನಿನ ಪ್ರಕಾರ ಇನ್ನೂ ನಿನ್ನವಳೇ ಆದ,
ಡೆಲ್ಫಿನಾ

ಮರೆತಿದ್ದೆ: ಅಲ್ಲಿನ ಶಾಲೆಯ ಅರ್ಜಿ ತುಂಬಿ ಇದರೊಳಗೆ ಇಟ್ಟಿದ್ದೇನೆ, ನಿನ್ನ ಸಹಿ ಬೇಕು. ತಾಯಿಯ ವಿಳಾಸ ಎಂದು ಒಂದು ಸಾಲು ಇದೆ. ಅದನ್ನು ಖಾಲಿ ಬಿಡುವ ಹಾಗಿಲ್ಲವಂತೆ, ದೋಣಿಯ ಹೆಸರು ನಡೆಯುವುದಿಲ್ಲವಂತೆ. ಎರಡು ದಿನ ಪೆನ್ನು ಹಿಡಿದು ಕೂತೆ. ಕೊನೆಗೆ ನಿನ್ನದನ್ನೇ ಬರೆದಿದ್ದೇನೆ. ಬೇಡವೆನಿಸಿದರೆ ಹೊಡೆದುಹಾಕು, ಪೆನ್ಸಿಲಿನಲ್ಲಿ ಬರೆದದ್ದಲ್ಲ, ಹಾಗಾಗಿ ಸ್ವಲ್ಪ ಒತ್ತಬೇಕಾಗುತ್ತದೆ.